ಕೋನ್‌ಸೆಟ್ ಹಾಕಿದ ಮೇಲೆ ಉಳಿಯುವ ಕೆಲಸ

ಬೈಕಿನ ಹ್ಯಾಂಡಲ್ ಸಲೀಸಾಗಿ ತಿರುಗಲು ಅದರ ಬುಡದಲ್ಲಿರುವ ಬಟ್ಟಲು-ಗುಂಡುಗಳ ಬೇರಿಂಗೇ ಕೋನ್‌ಸೆಟ್. ನನ್ನ ಬೈಕಿನ ಹಳೆಯ ಕೋನ್‌ಸೆಟ್ ಸವೆದು, ಹ್ಯಾಂಡಲ್ ನಟ್ಟನಡುವೆ ಗುಳಿಯೊಳಗೆ ಬಿದ್ದಂತೆ ನಿಲ್ಲುತ್ತಿದ್ದುದರಿಂದ, ಕಳೆದ ತಿಂಗಳು ತುಮಕೂರಿನ ನಮ್ಮ ಮನೆಯಂಗಳದಲ್ಲಿ ನಾನೇ ಹೊಸದನ್ನು ಹಾಕಿದೆ. ಹದಿನೈದು ದಿನಗಳ ಬಳಿಕ ದೇವರಾಯನದುರ್ಗದ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗ ‘ಟಕ್’ ಎಂಬ ಸಣ್ಣ ಪೆಟ್ಟು ಅಂಗೈಗೆ ತಾಗಿತು. ಹೊಸ ಬಟ್ಟಲುಗಳು ತಮ್ಮ ಜಾಗದಲ್ಲಿ ಪೂರ್ತಿ ಕೂರುವುದು ಗಾಡಿ ಸ್ವಲ್ಪ ಓಡಿದ ಮೇಲೆಯೇ. ಕೂತೊಡನೆ ಮೊದಲಿನ ಬಿಗಿ ಸಡಿಲವಾಗುತ್ತದೆ.

ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಜಾಕ್ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿದೆ. ನಾನು ಆ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೆಳತುದಿಗಳನ್ನು ಹಿಂದೆಮುಂದೆ ಎಳೆಯುತ್ತಿದ್ದರೆ, ಕೋನ್‌ಸೆಟ್ಟಿನ ಸಂದಿಗೆ ಬೆರಳಿಟ್ಟಿದ್ದ ತಮ್ಮ “ಅಲ್ಲಾಡ್ತಿದೆ ಅಣ್ಣ” ಎಂದ. ಹ್ಯಾಂಡಲ್ ಮೇಲಿನ ದೊಡ್ಡ ನಟ್ಟನ್ನೂ ಫೋರ್ಕನ್ನು ಮೇಲ್ಗಡೆ ಹಿಡಿದಿರುವ ಪ್ಲೇಟಿನ ಬೋಲ್ಟುಗಳನ್ನೂ ಸಡಿಲಿಸಿ, ಅದರ ಕೆಳಗಿರುವ, ಅಂಚಿನಲ್ಲಿ ಕಚ್ಚುಗಳುಳ್ಳ ನಟ್ಟನ್ನು ಕೊಕ್ಕೆ ಸ್ಪ್ಯಾನರಿನಿಂದ ಕೂದಲೆಳೆಯಷ್ಟು ತಿರುಗಿಸಿದೆ. ಸುತ್ತಿಗೆ, ಉಳಿಯಿಂದ ಬಡಿದು ತಿರುಗಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ನಟ್ಟೂ ಕೆಡುತ್ತದೆ, ಬಿಗಿಯ ಅಂದಾಜೂ ಸಿಗುವುದಿಲ್ಲ.

ಅಲ್ಲಾಟ ಪೂರ್ತಿ ಹೋಗಬೇಕು, ಆದರೆ ನೇರವಾಗಿರುವ ಹ್ಯಾಂಡಲನ್ನು ಒಂದು ಬೆರಳಿನಿಂದ ತಳ್ಳಿದರೆ ಅದು ತಾನಾಗಿ ಪಕ್ಕಕ್ಕೆ ಬೀಳಬೇಕು. ಹೆಚ್ಚು ಬಿಗಿದರೆ ನಿಧಾನವಾಗಿ ಹೋಗುವಾಗ ಗಾಡಿ ಅತ್ತಿತ್ತ ಓಲಾಡುವುದಲ್ಲದೆ, ಗುಂಡುಗಳು ಬಟ್ಟಲಿನಲ್ಲಿ ಮತ್ತೆ ಗುಳಿ ತೋಡುತ್ತವೆ. ಮೇಲಿನ ನಟ್ಟನ್ನು ಬಿಗಿದಾಗ ಕೆಳಗಿನದರ ಒತ್ತಡವೂ ತುಸು ಏರುವುದರಿಂದ, ಎಲ್ಲ ಬಿಗಿದ ಮೇಲೆ ಮತ್ತೆ ಪರೀಕ್ಷಿಸಿದೆ. ನಿರೀಕ್ಷಿಸಿದಂತೆಯೇ ಹ್ಯಾಂಡಲ್ ಅರ್ಧದಲ್ಲೇ ನಿಂತಿತು. ಪುನಃ ಬಿಚ್ಚಿ, ಕೂದಲೆಳೆಯಷ್ಟನ್ನೇ ಹಿಂದಕ್ಕೆ ತಿರುಗಿಸಿದೆ.