ಕೌದಿಯ ಮೂಲೆಗೊಂದು ಚೀಟಿ

ಅವ್ವ ಆ ಕಪಾಟಿನ ಮುಂದೆ ನಿಂತು ಬಹಳ ಹೊತ್ತಾಗಿತ್ತು. ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋದಳು, ಎರಡು ಹೆಜ್ಜೆ ಹಿಂದೆ ಬಂದಳು, ಮತ್ತೆ ಹೋಗಿ ಕಪಾಟಿನ ಬಾಗಿಲ ಮೇಲೆ ಬೆರಳಾಡಿಸಿದಳು.

"ಹಳೇ ಮನಿ ಹಲಗಿ ಇವು. ಮೊಳಿ ಕಿತ್ತ ತೂತು ಹಂಗ ಅದಾವ ನೋಡು."

ಹೌದು, ಹಾಗೇ ಇದ್ದವು. ಒಂದು ಪಟ್ಟಿ ಮಾಸಿದ ನೀಲಿ, ಅದರ ಪಕ್ಕದ್ದು ಕೆನೆಬಣ್ಣ, ಮುಂದಿನದು ಹಸಿರು. ಹಸಿರು ಎದ್ದುಹೋದ ಕಡೆ ಅದರ ಕೆಳಗಿನ ಕೆಂಪು ಇಣುಕುತ್ತಿತ್ತು. ಒಂದೊಂದು ಪಟ್ಟಿಯೂ ಒಂದೊಂದು ಮನೆಯಿಂದ ಬಂದಂತಿತ್ತು. ಇಷ್ಟಾದರೂ ಸಂದುಗಳಲ್ಲಿ ಉಗುರು ತೂರುವಷ್ಟೂ ಜಾಗವಿರಲಿಲ್ಲ. ಮೇಲೆ ಹೊಡೆದ ವಾರ್ನಿಶ್ ಎಷ್ಟು ದಪ್ಪವೆಂದರೆ ಮುಟ್ಟಿದರೆ ಗಾಜು ಮುಟ್ಟಿದ ಹಾಗೆ. ಬೆಲೆ ಕೇಳಿದಳು. ಸಾವಿರಾರು ಯೂರೋ, ನಮ್ಮ ಲೆಕ್ಕದಲ್ಲಿ ಲಕ್ಷಗಳು. ಅವ್ವ ಏನೂ ಅನ್ನಲಿಲ್ಲ, ಕೈ ಹಿಂದೆ ತೆಗೆದುಕೊಂಡಳು.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಪಕ್ಕದ ಫೆಲ್ಡ್‌ಹೋವನ್‌ನಲ್ಲಿ ಚಿಪ್ ತಯಾರಿಕೆಯ ಯಂತ್ರ ಕಟ್ಟುವ ಎಎಸ್‌ಎಂಎಲ್ ಇರುವುದರಿಂದ ಕನ್ನಡ ಮಾತಾಡುವ ಮನೆಗಳಿಗೆ ಇಲ್ಲಿ ಕೊರತೆಯಿಲ್ಲ. ಅದಕ್ಕೂ ಮುಂಚೆ ಇದು ಫಿಲಿಪ್ಸ್‌ನವರ ಊರು. 1891ರಲ್ಲಿ ಬಲ್ಬು ಮಾಡಲೆಂದು ಇಲ್ಲಿ ಶುರುವಾದ ಕಂಪನಿ ಊರನ್ನೇ ಕಟ್ಟಿತು. ಆಮೇಲೆ ಕಾರ್ಖಾನೆಗಳನ್ನು ಒಂದೊಂದಾಗಿ ಖಾಲಿ ಮಾಡಿತು. ಆ ಖಾಲಿ ಕಟ್ಟಡಗಳಿಗೆ ಬಂದವರು ಡಿಸೈನರ್‌ಗಳು. ಊರ ನಡುವಿನ 'ಬಿಳಿ ಹೆಂಗಸು' ಎಂಬ ಹೆಸರಿನ ಹಳೆಯ ಫಿಲಿಪ್ಸ್ ಕಟ್ಟಡದಲ್ಲೇ ಈಗ ಡಿಸೈನ್ ಅಕಾಡೆಮಿ ಇದೆ. ಪ್ರತಿ ಅಕ್ಟೋಬರ್‌ನಲ್ಲಿ ಡಚ್ ಡಿಸೈನ್ ವೀಕ್ ನಡೆಯುವಾಗ ಇಡೀ ಊರೇ ಪ್ರದರ್ಶನಶಾಲೆಯಾಗುತ್ತದೆ. ಅವ್ವ ಬಂದದ್ದೂ ಅಕ್ಟೋಬರ್‌ನಲ್ಲೇ.

ನಾನು ಅವಳನ್ನು ಕರೆದೊಯ್ದದ್ದು ಡಿಸೈನರ್ ಪೀಟ್ ಹೈನ್ ಏಕ್ ಅವರ ಕಟ್ಟಡಕ್ಕೆ. ಅವರು 1990ರಲ್ಲಿ ಇದೇ ಅಕಾಡೆಮಿಯಿಂದ ಹೊರಬೀಳುವಾಗ ಪರೀಕ್ಷೆಗೆಂದು ಮಾಡಿ ತೋರಿಸಿದ್ದು ಗುಜರಿ ಮರದ ಕಪಾಟು. 2010ರಲ್ಲಿ ಫಿಲಿಪ್ಸ್‌ನ ಹಳೆಯ ಕಾರ್ಖಾನೆಯೊಂದಕ್ಕೆ ಬಂದು ನೆಲೆನಿಂತರು. ಬಡಗಿಗಳ ಕಾರ್ಯಾಗಾರ, ಅಂಗಡಿ, ಊಟದ ಜಾಗ, ಕಲಾ ಗ್ಯಾಲರಿ ಎಲ್ಲವೂ ಒಂದೇ ಸೂರಿನಡಿ. ಒಂದು ಕಡೆ ಗೋಡೆಗೆ ಚಿತ್ರ ತೂಗುಹಾಕಿದ್ದಾರೆ, ಇನ್ನೊಂದು ಕಡೆ ಮರ ಕೊಯ್ಯುತ್ತಿದ್ದಾರೆ. ನನಗೆ ಈ ಜಾಗ ಇಷ್ಟವಾಗುವುದು ಅದಕ್ಕೇ. ಬೇರೆ ಗ್ಯಾಲರಿಗಳಲ್ಲಿ ಕುರ್ಚಿಯನ್ನು ಬಿಳಿ ಕಟ್ಟೆಯ ಮೇಲಿಟ್ಟು 'ಮುಟ್ಟಬೇಡಿ' ಎಂದು ಬರೆದ ಕೂಡಲೇ ಅದನ್ನು ಮಾಡಿದ ಕೈ ಕಾಣದಾಗುತ್ತದೆ. ಇಲ್ಲಿ ಆ ಕೈ ಕಣ್ಣೆದುರಿಗೇ ಇರುತ್ತದೆ.

ಏಕ್ ಅವರ ಲೆಕ್ಕ ಸರಳ. ಇವತ್ತಿನ ಕಾರ್ಖಾನೆಗೆ ಮರ ಅಗ್ಗ, ಮನುಷ್ಯನ ಗಂಟೆ ದುಬಾರಿ. ಹಾಗಾಗಿ ಗಂಟೆಯನ್ನು ಉಳಿಸಿ ಮರವನ್ನು ಬಿಸಾಡುತ್ತಾರೆ. ಅವರು ಇದನ್ನು ತಿರುವಿ ಹಾಕಿದರು. ಬಿಸಾಡಿದ ಮರ ತಂದು, ಅದಕ್ಕೆ ಬೇಕಾದಷ್ಟು ಗಂಟೆ ಕೊಟ್ಟರು. ಕಪಾಟು, ಮೇಜು ಮಾಡಿ ಉಳಿದ ತುಂಡುಗಳನ್ನೂ ಬಿಡದೆ 40 ಮಿಲಿಮೀಟರ್ ಚೌಕದ ಬಿಲ್ಲೆಗಳಾಗಿ ಕೊಯ್ದು ಇನ್ನೊಂದು ಸರಣಿಯನ್ನೇ ಮಾಡಿದ್ದಾರೆ. ಗುಜರಿಯಲ್ಲೂ ಉಳಿದದ್ದು ಅದು. ಇದನ್ನು ಅವ್ವನಿಗೆ ವಿವರಿಸಿದೆ. "ಹಂಗಂದ್ರ ರೊಕ್ಕ ಮರಕ್ಕಲ್ಲ, ಕುಂತು ಮಾಡಿದ ಹೊತ್ತಿಗೆ," ಎಂದಳು. ನಾನು ವರ್ಷಗಟ್ಟಲೆ ಓದಿಕೊಂಡಿದ್ದನ್ನು ಅವಳು ನಿಂತಲ್ಲೇ ಹಿಡಿದಿದ್ದಳು.

ಆಮೇಲೆ ಊಟಕ್ಕೆ ಕುಳಿತಾಗ ಬಂದದ್ದು ನಮ್ಮ ಮನೆಯ ಬಾಗಿಲ ಮಾತು. ಧಾರವಾಡದ ಹತ್ತಿರದ ನಮ್ಮೂರಲ್ಲಿ ಅಜ್ಜನ ಮನೆ ಕೆಡವಿ ಸ್ಲ್ಯಾಬ್ ಹಾಕಿಸುವಾಗ ಜಂತಿ, ತೊಲೆ, ಕದಗಳನ್ನೆಲ್ಲ ಹಳೇ ಮರ ಕೊಳ್ಳುವವನೊಬ್ಬ ಒಟ್ಟು ಲೆಕ್ಕದಲ್ಲಿ ಹೊತ್ತೊಯ್ದ. ಸಾಗವಾನಿಯ ತಲಬಾಗಿಲು, ಅದರ ಹಿತ್ತಾಳೆಯ ಹೂವು, ಹೊಸ್ತಿಲಿನ ಮೇಲೆ ದಿನಾ ಅರಿಶಿನ ಹಚ್ಚಿ ಹಚ್ಚಿ ಕೂತ ಬಣ್ಣ. ಆ ದಿನ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ನಾನೂ ಫೋನಿನಲ್ಲಿ ಹೂಂ ಅಂದಿದ್ದೆ. ಆ ಹೂಂ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಇದೇ ಊರಿನ ಅಕಾಡೆಮಿಯ ಮಾರ್ಟನ್ ಬಾಸ್ 2002ರಲ್ಲಿ ಕುರ್ಚಿಗಳನ್ನು ಗ್ಯಾಸ್ ಬೆಂಕಿಯಲ್ಲಿ ಸುಟ್ಟು, ಕರಕಲಿನ ಮೇಲೆ ಪಾರದರ್ಶಕ ರಾಳ ಹಚ್ಚಿ ಹೆಸರು ಮಾಡಿದರು. ಫೋಟೋ ತೋರಿಸಿದರೆ ಅವ್ವ ಮುಖ ತಿರುಗಿಸಿದಳು. ಮನೆಯ ಸಾಮಾನಿಗೆ ಬೆಂಕಿ ಹಚ್ಚುವುದು ಅವಳಿಗೆ ಸಲ್ಲದು. ನನಗೂ ಮನಸ್ಸು ಒಗ್ಗಿಲ್ಲ.

ಆದರೆ ಇನ್ನೊಂದು ಫೋಟೋ ನೋಡಿ ಅವ್ವ ಫೋನನ್ನೇ ಕಸಿದುಕೊಂಡಳು. ಅದು ತೇಯೋ ರೇಮಿ ಅವರ ಚಿಂದಿ ಕುರ್ಚಿ, 1991ರದ್ದು. ಹಳೇ ಬಟ್ಟೆಗಳನ್ನು ಮಡಚಿ, ಪದರದ ಮೇಲೆ ಪದರ ಒಟ್ಟಿ, ಉಕ್ಕಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದು. ಕೊಳ್ಳುವವರು ತಮ್ಮ ಹಳೆಯ ಅಂಗಿ, ಲಂಗಗಳನ್ನೂ ಅದರೊಳಗೆ ಸೇರಿಸಬಹುದು. ರೇಮಿಯಂಥವರನ್ನು ಒಟ್ಟುಗೂಡಿಸಿ 1993ರಲ್ಲಿ ರೆನಿ ರಾಮಾಕರ್ಸ್ ಮತ್ತು ಗೈಸ್ ಬಾಕರ್ ಎಂಬಿಬ್ಬರು 'ದ್ರೋಗ್' ಎಂಬ ಡಿಸೈನ್ ಸಂಸ್ಥೆ ಕಟ್ಟಿದರು. ಡಚ್ಚಿನಲ್ಲಿ ಆ ಮಾತಿಗೆ 'ಒಣ' ಎಂದರ್ಥ. ಈ ಕುರ್ಚಿಯನ್ನು ನಾನು ಮೊದಲು ಕಂಡದ್ದು ಆಮ್ಸ್ಟರ್ಡ್ಯಾಮ್‌ನ ಸ್ಟಾಲ್‌ಸ್ಟ್ರಾಟ್‌ನಲ್ಲಿ, ದ್ರೋಗ್‌ನವರ ಮಳಿಗೆ ಅಲ್ಲಿದ್ದಾಗ. 17ನೇ ಶತಮಾನದಲ್ಲಿ ನೇಯ್ದ ಬಟ್ಟೆಯ ಗುಣಮಟ್ಟ ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದ ಕಟ್ಟಡ ಅದು. ಹೊಸ ಬಟ್ಟೆಗೆ ಬೆಲೆ ಕಟ್ಟುತ್ತಿದ್ದ ಮನೆಯಲ್ಲಿ ಚಿಂದಿ ಬಟ್ಟೆ ಸಿಂಹಾಸನದಂತೆ ಕೂತಿತ್ತು. ಅವತ್ತು ಅದರ ಪಕ್ಕದಲ್ಲಿ ನಿಂತು ಅತ್ತಿದ್ದೆ, ಯಾಕೆಂದು ಆಗ ತಿಳಿದಿರಲಿಲ್ಲ.

"ಇದು ಕೌದಿ ಅಲ್ಲೇನವಾ? ಹೊಲಿಯೂದು ಬಿಟ್ಟು ಕಟ್ಟ್ಯಾರ ಅಷ್ಟ," ಎಂದಳು ಅವ್ವ.

ಮನೆಗೆ ಬಂದವಳೇ ಮಗಳ ಹಾಸಿಗೆಯ ಮೇಲಿನ ಕೌದಿ ಎಳೆದು ನೆಲದ ಮೇಲೆ ಹಾಸಿದಳು. ನನ್ನ ಜೊತೆ ವಿಮಾನದಲ್ಲಿ ಬಂದದ್ದು ಅದು. ಮೇಲ್ಪದರದಲ್ಲಿ ಇಳಕಲ್ ಸೀರೆಯ ಸೆರಗು, ಅಜ್ಜನ ಧೋತರದ ಅಂಚು, ನನ್ನ ಹಳದಿ ಫ್ರಾಕಿನ ಒಂದು ಅಂಗೈಯಗಲ ತುಂಡು. ಅಂಚಿನಿಂದ ಶುರುವಾದ ಹೊಲಿಗೆ ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಅಕ್ಕಿಕಾಳಿನಷ್ಟು ಉದ್ದದ ಟಾಕೆಗಳು, ಸಾವಿರಗಟ್ಟಲೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನ ಕಂಡಿವೆ. ನಾಲ್ಕೂ ಮೂಲೆಗೆ ತ್ರಿಕೋನದ ಹೂ ಹಚ್ಚದೆ ಅವರು ಕೌದಿ ಮುಗಿಸುವುದಿಲ್ಲ. ನಮ್ಮದಕ್ಕೆ ಹೂವಿಲ್ಲ. ಊರಿಗೆ ಬರುತ್ತಿದ್ದ ಕೌದಿಯವಳು ನಮ್ಮ ಪಡಸಾಲೆಯಲ್ಲಿ ದಿನಗಟ್ಟಲೆ ಕೂತು ಹೊಲಿದದ್ದು. ಅವ್ವ ಅವಳಿಗೆ ಜೋಳ ಅಳೆದು ಕೊಟ್ಟಳಂತೆ, ಒಂದು ಸೀರೆ, ಮೇಲೆ ಎರಡು ಹೊತ್ತಿನ ರೊಟ್ಟಿ.

"ಭಾಳ ಕಡಿಮಿ ಕೊಟ್ಟೆ," ಎಂದು ತಾನಾಗಿಯೇ ಅಂದಳು. ನಾನು ಕೇಳಿರಲಿಲ್ಲ.

ಗ್ಯಾಲರಿಯಲ್ಲಿ ಪ್ರತಿ ಕುರ್ಚಿಯ ಪಕ್ಕದಲ್ಲೂ ಒಂದು ಚೀಟಿ ಇರುತ್ತದೆ: ಮಾಡಿದವರ ಹೆಸರು, ವರ್ಷ, ಯಾವುದರಿಂದ ಮಾಡಿದ್ದು. ಕೌದಿಯವಳ ಹೆಸರೇನು ಎಂದು ಕೇಳಿದೆ. ಅವ್ವ ತಡವರಿಸದೆ ಹೇಳಿದಳು. ಅವಳ ಮಗಳ ಹೆಸರನ್ನೂ ಹೇಳಿದಳು. ವರ್ಷ ಮಾತ್ರ ನೆನಪಿಲ್ಲ. ಹಳದಿ ತುಂಡಿನ ಮೇಲೆ ಕೈಯಿಟ್ಟು ಎಣಿಸಿದಳು: ಈ ಫ್ರಾಕು ಹೊಲಿಸಿದ್ದು ನಾನು ಸಾಲಿಗೆ ಸೇರಿದಾಗ, ಅದು ಗಿಡ್ಡಾದದ್ದು ತಮ್ಮ ಹುಟ್ಟಿದ ವರ್ಷ, ಮಳೆಗಾಲ ಮುಗಿದ ಮೇಲೆ ಕೌದಿಯವಳು ಬಂದಳು. ಹಾಗಾದರೆ 1989.

ಬಿಳಿ ಕಾಟನ್ನಿನ ತುಂಡಿನ ಮೇಲೆ ಆ ಹೆಸರು, ಆ ವರ್ಷ ಬರೆದುಕೊಟ್ಟೆ. ದಾರ ಪೋಣಿಸಲು ಅವ್ವನಿಗೆ ಕಣ್ಣು ಸಾಲದು, ಅದನ್ನು ನನ್ನ ಮಗಳು ಮಾಡಿದಳು. ಮೂಲೆಯಲ್ಲಿ ಅವಳು ಹಾಕಿದ ಟಾಕೆಗಳು ಕೌದಿಯವಳ ಟಾಕೆಗಿಂತ ಎರಡು ಪಟ್ಟು ಉದ್ದವಾಗಿವೆ. ಅವ್ವ ಅವನ್ನು ಬಿಚ್ಚಿಸಲಿಲ್ಲ.