ಬಂದ್ ದಿನ, ಮೇಲಿನ ಮನೆ ಅಕ್ಕ

26 ಸೆಪ್ಟೆಂಬರ್ 2023, ಮಂಗಳವಾರ

ತಮಿಳುನಾಡಿಗೆ ಕಾವೇರಿ ನೀರು ಬಿಡಬಾರದು ಅಂತ ಕರೆದಿದ್ದ ಬೆಂಗಳೂರು ಬಂದ್ ಗಲಾಟೆ ಇಲ್ಲದೆ ಮುಗಿಯಿತು. 144 ಸೆಕ್ಷನ್ ಹಾಕಿದ್ದರು. ಬಿಎಂಟಿಸಿ ಬಸ್ಸುಗಳು ಹೆಚ್ಚುಕಮ್ಮಿ ಖಾಲಿ ಓಡಾಡಿದವು. ಶುಕ್ರವಾರ ಇನ್ನೊಂದು ಬಂದ್ ಇದೆಯಲ್ಲ, ಅದಕ್ಕೆ ಕರೆ ಕೊಟ್ಟವರು ಬೇರೆ. ಒಂದೇ ನೀರಿಗೆ ಎರಡು ಬಂದ್! ಈ ನಡುವೆ ಕಾವೇರಿ ಸಮಿತಿಯವರು 28ರಿಂದ 3,000 ಕ್ಯೂಸೆಕ್ ಬಿಡಿ ಅಂದಿದ್ದಾರೆ.

ಬೆಳಿಗ್ಗೆಯಿಂದ ಅಮ್ಮನ ಫೋನ್ ಮೇಲೆ ಫೋನ್. ಹೊರಗೆ ಹೋಗಬೇಡ, ಹೋಗಬೇಡ. ಅವಳ ತಲೆಯಲ್ಲಿ ಇನ್ನೂ 2016ರ ಸೆಪ್ಟೆಂಬರ್ 12 ಕೂತಿದೆ. ಅವತ್ತಿನ ಕಾವೇರಿ ಗಲಾಟೆಯಲ್ಲಿ ಇಲ್ಲಿನ ಡಿಸೋಜಾ ನಗರದ ಡಿಪೋದಲ್ಲಿ ತಮಿಳುನಾಡಿನ ಕಂಪನಿಯೊಂದರ 40ಕ್ಕೂ ಹೆಚ್ಚು ಬಸ್ಸುಗಳು ಉರಿದದ್ದನ್ನು ಊರಲ್ಲಿ ಕೂತು ಟಿವಿಯಲ್ಲಿ ನೋಡಿದ್ದಳು. ಮಾರನೇ ದಿನ ಯಾರನ್ನು ಕೇಳಿದರೂ ‘ನಮ್ಮೋರಲ್ಲ, ಯಾರೋ ಕಿಡಿಗೇಡಿಗಳು’. ಹಾಗಾದರೆ ಯಾರು ಅಂತ ಅಮ್ಮ ಈಗಲೂ ಕೇಳುತ್ತಾಳೆ.

ಇವತ್ತು ಅದನ್ನೇ ಮೇಲಿನ ಮನೆ ಅಕ್ಕನನ್ನು ಕೇಳಿದೆ. ಗಾರ್ಮೆಂಟ್ಸಿಗೆ ರಜೆ, ಮೆಟ್ಟಿಲ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಮದ್ದೂರು ಕಡೆಯವರು, ಕಾವೇರಿ ಬಗ್ಗೆ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಅದೇ 2016ರ ಏಪ್ರಿಲ್ ಕಥೆ. ಪಿಎಫ್ ಗಲಾಟೆ. ಕಂಪನಿ ಹಾಕಿದ ಪಾಲನ್ನು 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತಲ್ಲ, ಅದಕ್ಕೆ ಹೊಸೂರು ರೋಡಿನಲ್ಲಿ ಸಾವಿರಾರು ಹೆಂಗಸರು ಕೂತುಬಿಟ್ಟಿದ್ದರು.

“ನಾವು ಊಟದ ಡಬ್ಬಿ ಸಮೇತ ರೋಡಿಗೆ ಬಂದೋರು ಕಣಪ್ಪ. ಕೊರಳಲ್ಲಿ ಐಡಿ ಕಾರ್ಡು ಹಂಗೇ ಇತ್ತು. ಕಲ್ಲು ಹೊಡಿಯಾಕೆ ಬರೋರು ಹೆಸರು ಕೊರಳಿಗೆ ನೇತಾಕೊಂಡು ಬತ್ತಾರಾ?”

ಮಧ್ಯಾಹ್ನ ಹುಡುಗರು ಬಂದರಂತೆ. ಮುಖಕ್ಕೆ ಕರ್ಚೀಫು, ಒಬ್ಬರ ಗುರುತೂ ಇಲ್ಲ. ಹೊರಗಿನವರಾ ಅಂದೆ.

“ಎಲ್ಲಾನೂ ಹೊರಗಿನೋರ ತಲೆಗೆ ಕಟ್ಟಾಕಾಯ್ತದಾ? ನಮ್ ಲೈನಿನ ಹೆಲ್ಪರ್ ಹುಡುಗನೂ ಒಂದು ಕಲ್ಲು ಎತ್ಕೊಂಡ. ನಾನೇ ಕೈಗೆ ಹೊಡೆದು ಬಿಸಾಕಿಸಿದೆ. ಅವತ್ತು ಬೆಳಿಗ್ಗೆ ಸೂಪರ್‌ವೈಸರ್ ಅವನಿಗೆ ಅಮ್ಮ ಅಕ್ಕ ಅಂತ ಬೈದಿದ್ದ.”

ಲಾಠಿ ಬೀಸಿದಾಗ ಕರ್ಚೀಫಿನವರು ಗಲ್ಲಿಗಳಲ್ಲಿ ಮಾಯ. ಏಟು ತಿಂದದ್ದು ಇವರು. ಸೀರೆ ಉಟ್ಕೊಂಡು ಎಷ್ಟು ದೂರ ಓಡಾಕಾಯ್ತದೆ ಅಂತ ನಕ್ಕರು. ನನಗೆ ನಗು ಬರಲಿಲ್ಲ.

2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಪ್ರತಿಭಟನೆಯಲ್ಲಿ ಆದ ನಷ್ಟಕ್ಕೆ ಹಾಳು ಮಾಡಿದವರ ಜೊತೆ ಕರೆ ಕೊಟ್ಟವರೂ ಹೊಣೆ ಅಂತ. ಬಂದ್‌ಗಳ ಮಟ್ಟಿಗೆ ಸರಿ, ಮೈಕ್ ಹಿಡಿದವರು ಎದುರಿಗೇ ಇರುತ್ತಾರೆ. ಆದರೆ ಆ ಏಪ್ರಿಲ್‌ನಲ್ಲಿ ಕರೆ ಕೊಟ್ಟವರೇ ಇರಲಿಲ್ಲ. ಯೂನಿಯನ್‌ಗಳಿಗೇ ಆಶ್ಚರ್ಯ ಆಗಿತ್ತು. ಹೆಬ್ಬಗೋಡಿ ಠಾಣೆಯ ಮುಂದೆ ಸುಟ್ಟ ವಾಹನಗಳ ಬಿಲ್ಲು ಯಾರಿಗೆ ಕಳಿಸೋದು?

ಎದ್ದು ಹೊರಟವನನ್ನು ಅಕ್ಕ ನಿಲ್ಲಿಸಿ ಇನ್ನೊಂದು ಮಾತು ಹೇಳಿದರು. “ಒಂದು ದಿನ ಪೂರ್ತಿ ಸುಮ್ನೆ ಕೂತಿದ್ವಿ, ಯಾರ್ ಕೇಳಿದ್ರು? ಬಸ್ಸು ಉರಿದ ದಿನವೇ ಡೆಲ್ಲಿಯಿಂದ ಫೋನ್ ಬಂತಲ್ಲ.”

ನಿಜ. ಏಪ್ರಿಲ್ 19ಕ್ಕೆ ಬಸ್ಸು ಸುಟ್ಟರು, ಅವತ್ತೇ ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆ ನಿಯಮ ವಾಪಸ್ ತೆಗೆದುಕೊಂಡರು. ಇದನ್ನು ಹೇಗೆ ತಿಳಿದುಕೊಳ್ಳಬೇಕು ಅಂತಲೇ ಗೊತ್ತಾಗುತ್ತಿಲ್ಲ. ಬೆಂಕಿ ಹಚ್ಚಿದವನಿಗೂ ಪಿಎಫ್‌ಗೂ ಸಂಬಂಧವೇ ಇಲ್ಲ ಅಂತಿಟ್ಟುಕೊಳ್ಳಿ. ಆಗ ಸರ್ಕಾರ ಹೆದರಿದ್ದು ಯಾರಿಗೆ? ಆ ಹೆಂಗಸರಿಗಾ, ಅವನಿಗಾ? ಅವನಿಗೇ ಅಂದರೆ, ಮುಂದಿನ ಸಲ ಅವನನ್ನು ಬೇಡ ಅನ್ನುವವರು ಯಾರು?

ಇವತ್ತಿನ ರಜೆಗೆ ಭಾನುವಾರ ಕೆಲಸ ಮಾಡಿಕೊಡಬೇಕಂತೆ ಅಕ್ಕ. ಶುಕ್ರವಾರದ್ದನ್ನು ಯಾವತ್ತು ತುಂಬಿಸಿಕೊಳ್ಳುತ್ತಾರೋ, ಅದನ್ನಿನ್ನೂ ಹೇಳಿಲ್ಲವಂತೆ.