ಅಮ್ಮಂಗೆ ಹೇಳದೆ ಇಟ್ಕೊಂಡಿರೋದು

13 ಅಕ್ಟೋಬರ್ 2024, ಭಾನುವಾರ, ರಾತ್ರಿ 11.40, ವಾರ್ಡಿಂದ

ಅಮ್ಮ ಈಗಷ್ಟೇ ಮಲಗಿದ್ಲು. ಮಿಷನ್ನಿಗೆ ನಿದ್ದೆ ಇಲ್ಲ. ಎರಡೂ ಕಾಲಿಗೆ ಸುತ್ತಿರೋ ಪಟ್ಟಿಗೆ ಗಾಳಿ ತುಂಬುತ್ತೆ, ಬುಸ್ ಅನ್ನುತ್ತೆ, ಮೀನಖಂಡಾನ ಒಂದ್ಸಲ ಹಿಂಡಿ ಬಿಡುತ್ತೆ, ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಬುಸ್. ಮೊದಲನೇ ರಾತ್ರಿ ಮಂಚದ ಕೆಳಗೆ ಹಾವಿದೆ ಅಂತ ನನ್ನ ಎಬ್ಬಿಸಿದ್ಲು. ಶುಕ್ರವಾರ ಆಯುಧಪೂಜೆಗೆ ಸಿಸ್ಟರ್‌ಗಳು ವಾರ್ಡಲ್ಲಿರೋ ಮಿಷನ್ನಿಗೆಲ್ಲ ಕುಂಕುಮ ಇಟ್ಟು ಚೆಂಡುಹೂವು ಸಿಕ್ಸಿದ್ರು, ಇದಕ್ಕೂ. ಹೂವು ಬಾಡಿದೆ, ಯಾರೂ ತೆಗ್ದಿಲ್ಲ, ಪ್ರತಿ ಬುಸ್ಸಿಗೂ ಒಂಚೂರು ಅಲ್ಲಾಡುತ್ತೆ.

ಬುಧವಾರ ಬೊಂಬೆ ಇಳಿಸೋಕೆ ಸ್ಟೂಲ್ ಹತ್ತಿ ಬಿದ್ದಿದ್ದು, ಗುರುವಾರ ಆಪರೇಷನ್ನು, ಸೊಂಟದ ಬಾಲ್ ಬದಲಾಯಿಸಿದ್ದಾರೆ, ಎಲ್ಲ ನಿಮಗೆ ಗೊತ್ತೇ ಇದೆ. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್, ವಾಪಸ್ ಮಾಡಕ್ಕಾಗಿಲ್ಲ.

ದಿನಾ ಸಂಜೆ ಹೊಟ್ಟೆಗೆ ಒಂದು ಇಂಜೆಕ್ಷನ್. "ಮುರಿದಿರೋದು ಸೊಂಟ, ಹೊಟ್ಟೆಗ್ಯಾಕೆ ಚುಚ್ತೀಯಮ್ಮ" ಅಂತ ಅಮ್ಮ ದಿನಾ ಕೇಳ್ತಾಳೆ, ಆ ಕೇರಳದ ಸಿಸ್ಟರ್ ದಿನಾ ನಗ್ತಾಳೆ. ಹೊಕ್ಕುಳಿಂದ ಎರಡಿಂಚು ಪಕ್ಕಕ್ಕೆ ಚರ್ಮ ಚಿವುಟಿ ಎತ್ತಿ ಹಿಡಿದು ಸೂಜಿ ನೆಟ್ಟಗೆ ಇಳಿಸ್ತಾಳೆ. 40 ಮಿಲಿಗ್ರಾಂ, ತುಂಬೇ ಬರುತ್ತೆ ಸಿರಿಂಜು. ಅದರೊಳಗಿರೋ ಗಾಳಿಗುಳ್ಳೆ ತೆಗೀಬಾರ್ದಂತೆ, ಚುಚ್ಚಿದ ಮೇಲೆ ಉಜ್ಜಬಾರ್ದಂತೆ. ಅಮ್ಮ ಉಜ್ಜದೇ ಬಿಡ್ತಾಳಾ, ಹೊಟ್ಟೆ ಮೇಲೆ ನೇರಳೆಹಣ್ಣು ಜಜ್ಜಿದಂಗೆ ಮೂರು ಕಲೆ.

ರಕ್ತ ಗಟ್ಟದೇ ಇರ್ಲಿ ಅಂತ ಕೊಡೋದು ಅಂತ ಗೊತ್ತಿತ್ತು. ಯಾವುದರಿಂದ ಮಾಡ್ತಾರೆ ಅಂತ ಫೋನಲ್ಲಿ ನೋಡ್ದೆ, ನೋಡ್ಬಾರದಿತ್ತು. ಹಂದಿ ಕರುಳು. ಈರುಳ್ಳಿ ಹೆಚ್ಚಿದ ಚಾಕುನ ದೇವರ ಹಣ್ಣಿಗೆ ಮುಟ್ಟಿಸೋಕೆ ಬಿಡದ ನನ್ನಮ್ಮನ ಹೊಟ್ಟೆಗೆ ನವರಾತ್ರಿಯಲ್ಲಿ ದಿನಾ ಸಂಜೆ ಹಂದಿ! 1916ರಲ್ಲಿ ಅಮೆರಿಕದಲ್ಲಿ ಒಬ್ಬ ಮೆಡಿಕಲ್ ಸ್ಟೂಡೆಂಟು ನಾಯಿ ಲಿವರಲ್ಲಿ ಏನೋ ಹುಡುಕೋಕೆ ಹೋಗಿ ಇದರ ಎಳೆ ಸಿಕ್ಕಿದ್ದಂತೆ. ತಮ್ಮಂಗೆ ಫೋನ್ ಮಾಡಿ ಹೇಳಿದ್ರೆ "ವರಾಹ ಸ್ವಾಮಿ ಪ್ರಸಾದ ಅಂದ್ಬಿಡು" ಅಂತಾನೆ. ಇಬ್ಬರೂ ಎಷ್ಟು ನಕ್ವಿ ಅಂದ್ರೆ ಪಕ್ಕದ ಬೆಡ್ಡಿನವರು ತಿರುಗಿ ನೋಡಿದ್ರು. ಅಮ್ಮಂಗೆ ಹೇಳಿಲ್ಲ, ಹೇಳೋದೂ ಇಲ್ಲ. ಅದು ಸಲೀಸು.

ಇನ್ನೊಂದಿದೆ.

ಫಿಸಿಯೋ ಹುಡುಗಿ ಇವತ್ತು ಭಾನುವಾರ ಆದ್ರೂ ಬಂದ್ಲು. ಶುಕ್ರವಾರಾನೇ ಅಮ್ಮನ್ನ ಎಬ್ಬಿಸಿ ನಿಲ್ಲಿಸಬೇಕಿತ್ತು, ಅವಳು ಮಂಚದ ಕಂಬಿ ಬಿಡ್ತಿಲ್ಲ. ನಿನ್ನೆ ಚಿಕ್ಕಮ್ಮ ಬನ್ನಿ ಎಲೆ ತಂದು ಬಂಗಾರದ ಹಾಗಿರೋಣ ಅಂದು, ಅದೇ ಉಸಿರಲ್ಲಿ "ಮೂರು ತಿಂಗಳು ಕಾಲು ನೆಲಕ್ಕೆ ಊರಬೇಡ ಅಕ್ಕ" ಅಂತ ಅಪ್ಪಣೆ ಕೊಡಿಸಿ ಹೋದ್ಲು. ನಮ್ಮನೇಲಿ ಪ್ರೀತಿ ಅಂದ್ರೆ ಇದೇ, ಮಲಗಿಸೋದು. ನನ್ನ ಬಾಣಂತನದಲ್ಲೂ ಅಷ್ಟೇ, ಏಳಂಗಿಲ್ಲ, ನೀರು ಕುಡಿಯಂಗಿಲ್ಲ, ಲೋಟದಲ್ಲಿ ಅರ್ಧ. ಹೆರಿಗೆ ಆಗಿ ಆರು ವಾರ ರಕ್ತ ಗಟ್ಟೋದು ಜಾಸ್ತಿ ಅಂತ ಈಗ ಓದ್ತಿದೀನಿ, ಹೆಂಗೆ ಬದುಕಿದ್ನೋ.

ಹುಡುಗಿ ನನ್ನ ಕಾರಿಡಾರಿಗೆ ಕರ್ಕೊಂಡು ಹೋದ್ಲು. "ಆಂಟಿ, ಹಾರ್ಟು ರಕ್ತಾನ ಕಾಲಿಗೆ ಕಳಿಸುತ್ತೆ, ವಾಪಸ್ ಮೇಲಕ್ಕೆ ನೂಕೋದು ಮೀನಖಂಡ. ನಡೆದ್ರೇನೇ ಅದು ಹಿಂಡೋದು. ಮಲಗೇ ಇದ್ರೆ ರಕ್ತ ಅಲ್ಲೇ ನಿಧಾನ ಆಗಿ, ಒಳಗಿನ ವಾಲ್ವು ಸಂದೀಲಿ ಹೆಪ್ಪುಗಟ್ಟುತ್ತೆ. ಆ ಮಿಷನ್ನು, ಇಂಜೆಕ್ಷನ್ನು ಎಲ್ಲ ಅದಕ್ಕೇ. ಆದ್ರೆ ಅವರು ಏಳ್ಲೇಬೇಕು." ಹೆಪ್ಪು ಕಾಲಲ್ಲೇ ಇದ್ರೆ ನೋವು, ಊತ. ಕಿತ್ಕೊಂಡು ಮೇಲೆ ಹೋದ್ರೆ ಹಾರ್ಟಿನ ಬಲಗಡೆಗೆ, ಅಲ್ಲಿಂದ ಶ್ವಾಸಕೋಶಕ್ಕೆ. ಹೋದ್ರೆ ಏನಾಗುತ್ತೆ ಅಂದೆ. "ಉಸಿರು ಕಟ್ಟುತ್ತೆ. ದೊಡ್ಡದಾದ್ರೆ ಟೈಮೇ ಸಿಗಲ್ಲ ಆಂಟಿ. ಎಷ್ಟೋ ಸಲ ದಿನಗಟ್ಟಲೆ ಮಲಗಿದ್ದವರು ಮೊದಲ ಸಲ ಎದ್ದು ಬಾತ್‌ರೂಮಿಗೆ ಹೋಗ್ತಾರಲ್ಲ, ಆಗ..."

ಆಮೇಲೆ ಅವಳೇನೇನು ಹೇಳಿದ್ಲೋ, ಬಾತ್‌ರೂಮ್ ಅನ್ನೋ ಶಬ್ದದಲ್ಲೇ ನಾನು ನಿಂತುಬಿಟ್ಟಿದ್ದೆ.

ಮಧ್ಯಾಹ್ನ ಮೊಸರನ್ನ ತಿನ್ನಿಸ್ತಾ ಅಮ್ಮನ್ನ ಸ್ವಲ್ಪ ಜೋರು ಮಾಡ್ದೆ, ಯಾಕಿಷ್ಟು ಹಟ ಅಂತ. ಚಮಚ ಪಕ್ಕಕ್ಕೆ ಸರಿಸಿ ಅಂದ್ಲು, "ನಿಮ್ಮಪ್ಪ ಎದ್ದಿದ್ದಕ್ಕೇ ತಾನೇ ಹೋಗಿದ್ದು. ಎಬ್ಬಿಸಿದ್ದು ನಾನೇ."

2001, ಜೂನ್. ಅಪ್ಪಂಗೆ ಅಪೆಂಡಿಕ್ಸ್ ಒಡೆದು ಹೊಟ್ಟೆ ತುಂಬ ಕೀವಾಗಿ ಆಪರೇಷನ್ ಆಗಿತ್ತು. ಹನ್ನೊಂದು ದಿನ ನರ್ಸಿಂಗ್ ಹೋಮಲ್ಲಿ. ಹೊಲಿಗೆ ಬಿಚ್ಚುತ್ತೆ ಅಂತ ಅಮ್ಮ ಮಂಚ ಇಳಿಯೋಕೇ ಬಿಡ್ಲಿಲ್ಲ, ಎಲ್ಲ ಮಲಗಿದಲ್ಲೇ, ಊಟ, ಒರೆಸೋದು, ಬೆಡ್‌ಪ್ಯಾನು. ಇಳಿಸಿ ಅಂತ ಯಾರೂ ಹೇಳಿದ ನೆನಪು ನನಗಿಲ್ಲ. ಎಂಟನೇ ದಿನವೋ ಏನೋ ಎಡಗಾಲು ಹಿಡ್ಕೊಂಡಿದೆ ಕಣೇ ಅಂದ್ರು. ಅಮ್ಮ ಹರಳೆಣ್ಣೆ ಬಿಸಿ ಮಾಡಿ ತರಿಸಿ ಬೆಳಗ್ಗೆ ಸಂಜೆ ಮೀನಖಂಡ ತಿಕ್ಕಿದ್ಲು. "ಕೊನೇವರೆಗೂ ಕಾಲೊತ್ತಿದೀನಿ, ಅದೊಂದು ಪುಣ್ಯ ಸಿಕ್ತು" ಅಂತ ಇವತ್ತಿಗೂ ಹೇಳ್ತಾಳೆ.

ಡಿಸ್ಚಾರ್ಜ್ ದಿನ ಎಡಗಾಲಿಗೆ ಚಪ್ಪಲಿ ಹತ್ತಲಿಲ್ಲ. ಬಲಗಾಲಿಗೆ ಹತ್ತಿತ್ತು. ಅಪ್ಪ ನನ್ನ ನೋಡಿ "ಆಸ್ಪತ್ರೆ ಊಟಕ್ಕೆ ಒಂದೇ ಕಾಲು ದಪ್ಪ ಆಗಿದೆ ನೋಡೇ" ಅಂದ್ರು, ನಾನು ನಕ್ಕೆ. ನಗ್ತಾ ಅವರ ಪಟ್ಟಿ ಸಡಿಲ ಮಾಡಿ ಹಾಕಿದ್ದೂ ನಾನೇ. ಅಮ್ಮನ ಹೆಗಲು ಹಿಡಿದು ಬಾತ್‌ರೂಮ್ ಬಾಗಿಲ ತನಕ ಹೋದ್ರು, "ಯಾಕೋ ಉಸಿರು ಸಿಗ್ತಿಲ್ಲ" ಅಂದ್ರು. ಅಷ್ಟೇ. 52 ವಯಸ್ಸು. ಹಾರ್ಟ್ ಅಟ್ಯಾಕ್ ಅಂತ ಬರೆದುಕೊಟ್ರು, ಪೋಸ್ಟ್‌ಮಾರ್ಟಮ್ ಎಲ್ಲ ಯಾಕೆ ಅಂದ್ರು ಹಿರಿಯರು.

ನನಗೆ ಗೊತ್ತು, ಈಗ ಯಾರೂ ಖಾತ್ರಿಯಾಗಿ ಹೇಳಕ್ಕಾಗಲ್ಲ. ಆದ್ರೆ ಲಿಫ್ಟ್ ಪಕ್ಕ ಒಂದು ಪೋಸ್ಟರ್ ಇದೆ, ಅಕ್ಟೋಬರ್ 13 ವಿಶ್ವ ಥ್ರಾಂಬೋಸಿಸ್ ದಿನ ಅಂತ, ಅಂದ್ರೆ ಇವತ್ತೇ. ಥ್ರಾಂಬೋಸಿಸ್ ಅಂದ್ರೆ ಹೀಗೆ ನಾಳದೊಳಗೆ ರಕ್ತ ಹೆಪ್ಪುಗಟ್ಟೋದು. ಪೂರ್ತಿ ಇಂಗ್ಲಿಷು, ಅದರ ಮೊಳೆಗೆ ಯಾರೋ ಟವೆಲ್ ಒಣಹಾಕಿದಾರೆ. ಟವೆಲ್ ಸರಿಸಿ ಓದಿದೆ. ವಿರ್ಕೋ ಅನ್ನೋ ಜರ್ಮನ್ ಡಾಕ್ಟರ್ ಹುಟ್ಟಿದ ದಿನ ಅಂತೆ, 1821. ರಕ್ತ ಯಾಕೆ ನಾಳದೊಳಗೇ ಗಟ್ಟುತ್ತೆ ಅನ್ನೋದಕ್ಕೆ ಅವನ ಹೆಸರಲ್ಲಿ ಮೂರು ಕಾರಣ ಹೇಳ್ತಾರೆ. ಹರಿವು ನಿಧಾನ ಆಗೋದು, ಹನ್ನೊಂದು ದಿನ. ರಕ್ತವೇ ಗಟ್ಟೋ ಕಡೆಗೆ ವಾಲೋದು, ಹೊಟ್ಟೆ ತುಂಬ ಕೀವು. ನಾಳದ ಗೋಡೆಗೆ ಪೆಟ್ಟು, ಅದೂ ಇತ್ತೋ ಏನೋ. ಟವೆಲ್ ವಾಪಸ್ ಹಾಕಿ ಬಂದೆ.

ಅಪ್ಪನ ಥರದವರು ಎಷ್ಟು ಜನ ಅಂತ ಆಮೇಲೆ ಸುಮ್ಮನೆ ಹುಡುಕಿದೆ. 2008ರ ಒಂದು ಸ್ಟಡಿ, 32 ದೇಶ, 68 ಸಾವಿರ ಪೇಷೆಂಟು, ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಈ ಅಪಾಯ ಇತ್ತು. ನಮ್ಮ ದೇಶದಲ್ಲಿ ಅಂಥವರ ಪೈಕಿ ಸರಿಯಾದ ತಡೆ ಔಷಧಿ ಸಿಕ್ಕಿದ್ದು ಐದರಲ್ಲಿ ಒಬ್ರಿಗೂ ಇಲ್ಲ. ಅದು ಅಪ್ಪ ಹೋಗಿ ಎಷ್ಟೋ ವರ್ಷ ಆದ್ಮೇಲಿನ ಲೆಕ್ಕ.

ಈಗ ಅಮ್ಮನ್ನ ಎಬ್ಬಿಸೋಕೆ ನನ್ನ ಹತ್ರ ಇರೋ ಗಟ್ಟಿ ಮಾತು ಒಂದೇ, ಅಪ್ಪ ಎದ್ದಿದ್ದಕ್ಕೆ ಹೋಗಿಲ್ಲ ಅಮ್ಮ, ಅಷ್ಟು ದಿನ ಏಳದೇ ಇದ್ದಿದ್ದಕ್ಕೆ ಹೋಗಿರಬಹುದು. 23 ವರ್ಷದಿಂದ ಹೊತ್ತಿರೋ ಕಲ್ಲು ಇಳಿಸಿದಂಗಾಗುತ್ತೆ ಅಂತ ಬಾಯಿವರೆಗೂ ಬಂತು. ಇಳಿಯಲ್ಲ. ಅಮ್ಮ ದಡ್ಡಿ ಅಲ್ಲ, ಎರಡು ನಿಮಿಷ ಸುಮ್ಮನಿದ್ದು ಕೇಳ್ತಾಳೆ, ಹಾಗಾದ್ರೆ ಮಲಗಿಸಿದ್ದು ಯಾರು. ಆಮೇಲೆ ಹರಳೆಣ್ಣೆ ನೆನಪಾಗುತ್ತೆ. ಹೆಪ್ಪುಗಟ್ಟಿರೋ ಕಾಲನ್ನ ತಿಕ್ಕಬಾರದು, ಕಿತ್ಕೊಂಡು ಹೋಗಬಹುದು ಅಂತ ಎಲ್ಲ ಕಡೆ ಬರೆದಿದಾರೆ. ಆ ಪುಣ್ಯಾನ ನಾನು ಕಿತ್ಕೊಳ್ಳೋದಾ.

ತಮ್ಮಂಗೂ ಹೇಳಿಲ್ಲ. ಚಪ್ಪಲಿ ವಿಷಯ ಅವನಿಗೆ ಮೊದಲಿಂದಲೂ ಗೊತ್ತಿಲ್ಲ.

ಡಾಕ್ಟರು ರೌಂಡ್ಸಲ್ಲಿ ಮನೆಗೆ ಹೋದ್ಮೇಲೂ ಆಪರೇಷನ್ ದಿನದಿಂದ ಲೆಕ್ಕ ಹಾಕಿ 35 ದಿನದವರೆಗೆ ಔಷಧಿ ಅಂದ್ರು, ಒಂದು ಕಾಲು ಊದ್ಕೊಂಡ್ರೆ, ಉಸಿರಾಟ ಹೆಚ್ಚುಕಮ್ಮಿ ಆದ್ರೆ ಕಾಯಬೇಡಿ ಅಂದ್ರು. ಹುಡುಗಿ ನಾಳೆ ಹತ್ತಕ್ಕೆ ವಾಕರ್ ತರ್ತಾಳೆ. ಮೊಮ್ಮಗನ ಉಪನಯನಕ್ಕೆ ಆರತಿ ಎತ್ತೋಕೆ ನೀನೇ ಬೇಕು ಅಂತ ಸುಳ್ಳು ಬೆಣ್ಣೆ ಹಚ್ಚಿ ನೋಡಬೇಕು, ಹೇಳಿದ್ರೆ ಎದ್ರೂ ಎದ್ದಾಳು.

ಈಗ ಹೊದಿಕೆ ಸರಿಸಿ ಎರಡೂ ಪಾದ ನೋಡ್ದೆ. ಪಟ್ಟಿ ಮೇಲಿನ ಜಾಗಾನ ಚಾರ್ಜರ್ ವೈರಲ್ಲಿ ಅಳೆದೆ, ಎಡ, ಆಮೇಲೆ ಬಲ. ಆಪರೇಷನ್ ಆಗಿರೋ ಕಾಲು ಅಂದ್ಮೇಲೆ ಸ್ವಲ್ಪ ಊತ ಇದ್ದೇ ಇರುತ್ತೆ ಅಲ್ವಾ, ಒಂದು ಬೆರಳಷ್ಟು, ಅಥವಾ ನಾನು ವೈರನ್ನ ಸಡಿಲ ಹಿಡಿದ್ನೋ ಏನೋ, ಸಿಸ್ಟರನ್ನ ಒಂದ್ಸಲ ಕರೆದು